ಗ್ರಾಮಫೋನ್ ಮುಳ್ಳಿನ ಕೆಂಪು ಗಡ್ಡ

ಇಲ್ಲಿ ಗ್ರಾಮಫೋನಿನ ಮುಳ್ಳಿಗೆ ಗಡ್ಡ ಬೆಳೆಯುತ್ತದೆ. ಸುಳ್ಳಲ್ಲ, ಕೆಂಪು ಗಡ್ಡ! ದೋಣಿಮಲೈಗೆ ಬಂದ ಮೊದಲ ವಾರವೇ ನೋಡಿದೆ. ಇದು ಕಬ್ಬಿಣದ ಅದಿರಿನ ಗುಡ್ಡ, ಗಾಳಿಯಲ್ಲೂ ಕಬ್ಬಿಣ. ಮುಳ್ಳಿನ ತಲೆಯೊಳಗೆ ಪುಟ್ಟದೊಂದು ಅಯಸ್ಕಾಂತ ಇರುತ್ತದಲ್ಲ, ಹುಡಿಯೆಲ್ಲ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಕುಂದಾಪುರದಲ್ಲಿ ಉಪ್ಪುಗಾಳಿ ಬಂದು ಕಬ್ಬಿಣವನ್ನು ಹಿಡಿಯುತ್ತದೆ. ಇಲ್ಲಿ ಕಬ್ಬಿಣವೇ ಬಂದು ನಮ್ಮನ್ನು ಹಿಡಿಯುತ್ತದೆ.

ನಾನು ಗಣಿ ಕಚೇರಿಯಲ್ಲಿ ಟೈಪಿಸ್ಟ್. ಎರಡು ಕೋಣೆಯ ಕ್ವಾರ್ಟರ್ಸ್, ಅದರಲ್ಲಿ ನಾನೊಬ್ಬಳೇ. ಜೊತೆಗೆ ತಂದದ್ದು ಒಂದು ರೆಕಾರ್ಡ್ ಪ್ಲೇಯರ್, ಒಂದೇ ಒಂದು ಎಲ್‌ಪಿ. ಎರಡೂ ನನ್ನ ಸೋದರಮಾವನದು. ಮಾವ ಹಡಗಿನಲ್ಲಿ ಅಡುಗೆಯವರು, ಬಂದರು ಬಂದರಿನಲ್ಲಿ ಹುಡುಕಿ ತಂದ ಹಾಡಿನ ತಟ್ಟೆಗಳು ಅವರ ಟ್ರಂಕಿನ ತುಂಬ ಇವೆ. ಹೊರಡುವಾಗ ಹೇಳಿದ್ದರು: "ಗೆರೆ ಬೀಳಿಸದೆ ಕ್ರಿಸ್ಮಸ್ಸಿಗೆ ವಾಪಸ್ ತಾ. ಟ್ರಂಕಿನಲ್ಲಿರುವವೂ ಒಂದೊಂದಾಗಿ ನಿನಗೇ. ಗೆರೆ ಬಿತ್ತೋ, ಇದೇ ಕೊನೆ."

ಆ ತಟ್ಟೆಯ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅಮೆರಿಕದ ಹತ್ತಿ ಹೊಲಗಳ ಕಡೆಯ ಕರಿಯ ಜನ ಯಾವುದೋ ಕಾಲದಲ್ಲಿ ಹಾಡಿದ ಬ್ಲೂಸ್ ಮತ್ತು ದೇವರ ಹಾಡುಗಳು. ಗಿಟಾರಿನ ತಂತಿಯನ್ನು ಬೆರಳಿನಿಂದ ಒತ್ತುವುದಿಲ್ಲ. ಒಡೆದ ಸೀಸೆಯ ಕುತ್ತಿಗೆಯನ್ನು ಬೆರಳಿಗೆ ತೊಟ್ಟು, ಇಲ್ಲವೇ ಚಾಕುವಿನ ಬೆನ್ನು ಇಟ್ಟು ಜಾರಿಸುತ್ತಾರೆ, ನಮ್ಮ ಗೋಟುವಾದ್ಯದ ಹಾಗೆ. ಹಾಡುವವನು ಸಾಲನ್ನು ಅರ್ಧಕ್ಕೇ ಬಿಡುತ್ತಾನೆ, ಉಳಿದರ್ಧವನ್ನು ತಂತಿ ಹೇಳುತ್ತದೆ! ಕವರಿನ ಹಿಂದೆ ಬರೆದಿದ್ದನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಮೂಲ ಅಚ್ಚುಗಳು ಕಳೆದೇಹೋಗಿದ್ದವಂತೆ. ಯಾರೋ ಹುಚ್ಚರು ಹಳ್ಳಿ ಹಳ್ಳಿ ತಿರುಗಿ, ಮಂಚದಡಿ ಬಿದ್ದಿದ್ದ ಸವೆದ ತಟ್ಟೆಗಳನ್ನು ಬೇಡಿ ತಂದು, ಅವುಗಳಿಂದ ಈ ಹೊಸ ವಿನೈಲ್ ಮಾಡಿದರಂತೆ. ಹಾಗಾಗಿ ಹಾಡಿನ ಜೊತೆ ಆ ಮನೆಗಳ ಗೀರು, ಕರಕರ ಎಲ್ಲವೂ ಇದರೊಳಗೆ ಬಂದಿದೆ. ಯಾರದೋ ಮಂಚದಡಿಯ ಸದ್ದು ನನ್ನ ಕೋಣೆಯಲ್ಲಿ! ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಧೂಳಿಗೆ ಹೆದರಿ ಬಾಗಿಲು ಕಿಟಕಿ ಸದಾ ಮುಚ್ಚಿಯೇ ಇಡುತ್ತಿದ್ದೆ. ಈ ಕಡೆ ಸಂಜೆ ಯಾರೂ ಬಾಗಿಲು ಮುಚ್ಚುವುದಿಲ್ಲ, ಅದು ನನಗೆ ಗೊತ್ತಿರಲಿಲ್ಲ. ನಲ್ಲಿಯ ಹತ್ತಿರ "ಊಟಾತ್ರೀ?" ಅನ್ನುತ್ತಿದ್ದರು. "ಆಯಿತು" ಎಂದು ಕೊಡ ಎತ್ತಿಕೊಂಡು ಬರುತ್ತಿದ್ದೆ. ತಿಂಗಳುಗಟ್ಟಲೆ ಅಷ್ಟೇ ಮಾತು.

ಒಂದು ಭಾನುವಾರ ಮಧ್ಯಾಹ್ನ ಪದವೇ ಇಲ್ಲದ ಆ ಹಾಡನ್ನು ಹಾಕಿದೆ. ಬರೀ ಗಂಟಲಿನ ನರಳಾಟ, ಹಿಂದೆಯೇ ತಂತಿಯ ನರಳಾಟ. ಇಗರ್ಜಿಯ ಹಾಡು ಕೇಳುತ್ತ ಬೆಳೆದ ನನಗೆ ಪ್ರಾರ್ಥನೆ ಹೀಗೂ ಇರುತ್ತದೆ ಎಂದು ಗೊತ್ತಿರಲಿಲ್ಲ. ಮತ್ತೆ ಮತ್ತೆ ಹಾಕಿದೆ, ಕಣ್ಣು ತುಂಬಿತ್ತು. ಆಗ ಬಾಗಿಲು ಬಡಿದರು.

ಪಕ್ಕದ ಮನೆಯ ಗಂಗಮ್ಮ. ಗಂಡ ಡಂಪರ್ ಡ್ರೈವರ್. ಕೈಯಲ್ಲಿ ರೊಟ್ಟಿಯ ಬುಟ್ಟಿ, ಹಿಂದೆ ಕಂಪ್ಲಿಯಿಂದ ಬಂದಿದ್ದ ಅವಳ ಅತ್ತೆ, ಹಣ್ಣುಹಣ್ಣು ಅಜ್ಜಿ.

"ಅಳಬ್ಯಾಡ್ರಿ ಮೇಡಮ್ಮಾರೆ. ಯಾರು ತೀರ್ಕೊಂಡ್ರು? ಅಪ್ಪಾರೋ, ಅವ್ವಾರೋ?"

"ಯಾರೂ ಇಲ್ಲ! ಅದು… ಹಾಡು."

"ಹಾಡಾ?" ಗಂಗಮ್ಮ ಬಾಯಿ ಮೇಲೆ ಕೈಯಿಟ್ಟಳು. "ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ನಮ್ಮನಿಯವ್ರು ಎದ್ದು ಕುಂತಾರ್ರಿ. 'ಆ ಹುಡುಗಿ ಮನ್ಯಾಗ ಇವತ್ತು ಒಲಿ ಹಚ್ಚಂಗಿಲ್ಲ, ಜಲ್ದಿ ರೊಟ್ಟಿ ಒಯ್ಯಿ' ಅಂದ್ರು."

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ತರುತ್ತಾರೆ. ಬಾಗಿಲು ಮುಚ್ಚಿದ ಮನೆ, ಒಳಗೆ ಅಳು. ಅವರಿಗೆ ಇನ್ನೇನು ಅನ್ನಿಸಬೇಕು?

"ಹಚ್ಚವಾ, ನಾನೂ ಕೇಳ್ತೀನಿ," ಎಂದು ಅಜ್ಜಿ ನೆಲದ ಮೇಲೆ ಕೂತೇಬಿಟ್ಟಳು. ಹಾಕಿದೆ. ಇಲ್ಲಿ ಹೆಂಗಸರು ಸತ್ತವರ ಗುಣ ಹೇಳಿಕೊಂಡು ರಾಗವಾಗಿ ಅಳುತ್ತಾರೆ, ಅದಕ್ಕೆ ಹಾಡ್ಯಾಡಿ ಅಳುವುದು ಅನ್ನುತ್ತಾರೆ. ಅಜ್ಜಿಯ ಗಂಟಲಿನಿಂದ ಅದೇ ರಾಗ ಮೆಲ್ಲಗೆ ಎದ್ದು, ತಂತಿಯ ಹಿಂದೆಯೇ ಜಾರಿತು.

"ಯಾರನ್ನ ಕರ್ಯಾಕತ್ತಾನವಾ ಇವ?"

"ದೇವರನ್ನ, ಅಜ್ಜಿ. ಮಾತೇ ಇಲ್ಲ ನೋಡಿ."

"ಮಾತಿಗಿಂತ ಮೊದ್ಲ ಅಳು ಬರ್ತೈತಿ. ಇವ ಅಲ್ಲೇ ಕುಂತಾನ."

"ದೇವ್ರು ಬರ್ಲಾರದ ಏನ್ ಮಾಡ್ತಾನ?" ಗಂಗಮ್ಮ ನಕ್ಕಳು. "ನಮ್ಮನಿಯವ್ರ ಎದ್ದಾರ!"

ನಗುತ್ತಲೇ ಬಗ್ಗಿದಳು. "ಅಯ್ಯ, ಭಾಳ ಧೂಳ ಕುಂತೈತಲ್ರಿ," ಎಂದು ತಿರುಗುತ್ತಿದ್ದ ತಟ್ಟೆಗೆ ಸೆರಗು ಒತ್ತಿದಳು. ಮುಳ್ಳು ಕರ್‌ರ್ ಎಂದು ಅಡ್ಡ ಎಳೆಯಿತು. ಆಮೇಲೆ ಸುತ್ತಿಗೊಂದು ಟಕ್. ಟಕ್. ಟಕ್.

ಮಾವನ ಟ್ರಂಕು ಕಣ್ಣೆದುರು ಬಂತು. ಗಂಗಮ್ಮನ ಮುಖ ಸಣ್ಣದಾಯಿತು. "ಕೆಡಿಸಿದ್ನೇನ್ರೀ?"

ಬುಟ್ಟಿಯಲ್ಲಿ ರೊಟ್ಟಿ ಇನ್ನೂ ಬಿಸಿಯಿತ್ತು. ಜೊತೆಗೆ ಪುಂಡಿಪಲ್ಯ, ಅದೊಂದು ಹುಳಿ ಸೊಪ್ಪು. ನನ್ನ ದುಃಖಕ್ಕೆಂದು ಸುಟ್ಟು ಓಡೋಡಿ ತಂದ ರೊಟ್ಟಿ.

"ಏನೂ ಇಲ್ಲ. ಕುಂದ್ರಿ," ಅಂದೆ. ಕುಳಿತುಕೊಳ್ಳಿ ಎನ್ನುವುದಕ್ಕೆ ಇಲ್ಲಿಯ ಮಾತು. ನನ್ನ ಬಾಯಿಂದ ತಾನಾಗಿ ಬಂದದ್ದು ಅದೇ ಮೊದಲು. ಮೂವರೂ ಊಟ ಮಾಡಿದೆವು, ಬಾಗಿಲು ತೆರೆದೇ ಇತ್ತು. ಆಮೇಲೂ ಬಂದಾಗಲೆಲ್ಲ ಅಜ್ಜಿ ಆ ಹಾಡನ್ನೇ ಹಾಕಿಸಿ ಕೇಳಿದಳು, ಟಕ್ ಸಮೇತ.

ಕ್ರಿಸ್ಮಸ್ಸಿಗೆ ಹೊಸಪೇಟೆಯಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬಸ್ಸು ಹಿಡಿದು ಊರಿಗೆ ಹೋದೆ. ಮಾವ ತಟ್ಟೆ ಹಾಕಿ, ಕಣ್ಣು ಮುಚ್ಚಿ ಕೂತರು. ಟಕ್. ಕಣ್ಣು ತೆರೆದರು.

"ಇದು ಹಳೆ ತಟ್ಟೆಯಿಂದಲೇ ಬಂದ ಗೆರೆಯಾ?"

ಹೌದು ಅನ್ನಬಹುದಿತ್ತು. ಅಂಥ ನೂರು ಸದ್ದು ಅದರಲ್ಲಿದ್ದವು. ಆದರೆ ಹಾಗೆಂದರೆ ಗಂಗಮ್ಮ ನನ್ನ ಮನೆಗೆ ಬರಲೇ ಇಲ್ಲ ಅಂದ ಹಾಗೆ.

"ಅಲ್ಲ ಮಾವ. ಅದು ನಮ್ಮೂರಿನಲ್ಲಿ ಬಿದ್ದದ್ದು."

ಅಡುಗೆಮನೆಯಿಂದ ಅಮ್ಮ ಕೇಳಿದರು: "ನಮ್ಮೂರಿನಲ್ಲಾ? ಇಲ್ಲಿ ಯಾವಾಗ ಬಿತ್ತು ಮಾರಾಯ್ತಿ?"

ಮಾವ ತಟ್ಟೆಯನ್ನು ಕವರಿಗೆ ಹಾಕಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಬೈಯಲಿಲ್ಲ. ಮಾತಿಗೆ ತಪ್ಪಲೂ ಇಲ್ಲ.

ಈಗ ದೋಣಿಮಲೈಯ ಆ ಗೆರೆ ಕುಂದಾಪುರದ ಟ್ರಂಕಿನಲ್ಲಿದೆ, ನಾನು ಇಲ್ಲಿದ್ದೇನೆ. ಅಲ್ಲಿ ಮಲಗಿದರೆ ಗುಡ್ಡದ ಕಡೆ ಕಿವಿ, ಇಲ್ಲಿ ಮಲಗಿದರೆ ಕಡಲಿನ ಕಡೆ. ಭಾನುವಾರ ಬಾಗಿಲು ತೆರೆದಿಡುತ್ತೇನೆ. ಕಂಪ್ಲಿಯಿಂದ ಬಂದಾಗಲೆಲ್ಲ ಅಜ್ಜಿ ಅಕ್ಕಿ ಆರಿಸುತ್ತ ಹೊಸ್ತಿಲಲ್ಲಿ ಕೂತು ಆ ಹಾಡನ್ನು ಗುನುಗುತ್ತಾಳೆ. ರಾಗ ಎಲ್ಲೂ ತಪ್ಪುವುದಿಲ್ಲ. ಗೆರೆ ಬಿದ್ದ ಜಾಗ ಬಂದಾಗ ನಾಲಿಗೆಯಿಂದ ಒಮ್ಮೆ ಟಕ್ ಅನ್ನಿಸಿ, ಮುಂದೆ ಹೋಗುತ್ತಾಳೆ.