ಅಂದಾನಪ್ಪನ ಜೈಲಿನ ಮುಯ್ಯಾಳು

ನಮ್ಮಕ್ಕ ಶಾಂಭವಿಯನ್ನು ಜೈಲಿನವನಿಗೆ ಕೊಟ್ಟಾಗ ಊರಲ್ಲಿ ಆಡಿಕೊಳ್ಳದವರಿಲ್ಲ. ಜೈಲಿನವನೆಂದರೆ ಒಳಗಿದ್ದವನಲ್ಲ, ಕಾಯುವವನು ಎಂದು ಹೇಳಿ ಹೇಳಿ ನಮ್ಮಪ್ಪನ ಗಂಟಲು ಒಣಗಿತು. ಆ ಜೈಲಿನವನೇ ನಮ್ಮ ಮಾವ ಅಂದಾನಪ್ಪ. ಹೊಂಬಳದ ಒಕ್ಕಲುತನದ ಮನೆಯವನು. ಗದಗಿನಲ್ಲಿ ಲಾಠಿ ಹಿಡಿದು ನಿಂತು ನಿಂತು ಅರ್ಧ ಆಯುಷ್ಯ ಕಳೆದ ಮೇಲೆ, ಇವನಿಗೆ ಮಣ್ಣಿನ ಕೆಲಸ ಬರುತ್ತದೆಂದು ಯಾವನೋ ಪುಣ್ಯಾತ್ಮನಿಗೆ ಹೊಳೆದು, ನಮ್ಮ ಬೆಳ್ಳಟ್ಟಿ ಹತ್ತಿರದ ಬಯಲು ಜೈಲಿನ ಹೊಲಕ್ಕೆ ಮೇಲ್ವಿಚಾರಕನನ್ನಾಗಿ ಕಳಿಸಿದರು. ಅಂದಿನಿಂದ ನನಗೂ ಶಿಕ್ಷೆ ಶುರುವಾಯಿತು. ನನ್ನ ಹತ್ತಿರ ಒಂದು ಟ್ರ್ಯಾಕ್ಟರ್ ಇದೆ, ನೋಡಿ. ಹೆಂಡತಿಯ ತಮ್ಮನ ಹತ್ತಿರ ಟ್ರ್ಯಾಕ್ಟರ್ ಇದ್ದರೆ ಅವನು ಸಂಬಳವಿಲ್ಲದ ಸರ್ಕಾರಿ ನೌಕರ.

ಬಯಲು ಜೈಲಿಗೆ ಗೋಡೆಯಿಲ್ಲ. ಹೊಲದ ಸುತ್ತ ಸುಣ್ಣ ಬಳಿದ ಕಲ್ಲುಗಳಿವೆ, ಅಷ್ಟೇ. ಕೈದಿಗಳು ಆ ಕಲ್ಲು ದಾಟಬಾರದು. ದಾಟಿದರೆ ಅವರಿಗೂ ಕುತ್ತು, ಮಾವನ ನೌಕರಿಗೂ ಕುತ್ತು. ಹೊಸಬ ಬಂದರೆ ಏನು ಅಪರಾಧ ಮಾಡಿದೆ ಎಂದು ಮಾವ ಕೇಳಿದ್ದನ್ನು ನಾನು ಕಂಡಿಲ್ಲ. ಕೂರಿಗೆ ಹಿಡಿಯಲು ಬರುತ್ತದೋ, ಎತ್ತು ನಿನ್ನ ಮಾತು ಕೇಳುತ್ತವೋ, ಇಷ್ಟೇ ಅವನ ವಿಚಾರಣೆ. ಬಸ್ ನಿಲ್ದಾಣಗಳಲ್ಲಿ ಜೇಬು ಕತ್ತರಿಸುತ್ತಿದ್ದ ಹುಲಿಗೇಶ ಎಂಬವನೊಬ್ಬನಿದ್ದ. ಮೆಣಸಿನಕಾಯಿ ಹರಿಯುವುದರಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಕಾಯಿ ಹೋದದ್ದು ಗಿಡಕ್ಕೇ ಗೊತ್ತಾಗುತ್ತಿರಲಿಲ್ಲ. ಖೊಟ್ಟಿ ಸಹಿ ಮಾಡಿ ಬಂದವನೊಬ್ಬ ಬಿತ್ತಿದ ಸಾಲುಗಳು ಗೆರೆ ಎಳೆದಂತಿದ್ದವು. ಆದರೂ ಅವು ಪಕ್ಕದ ಹೊಲದ ನಕಲು ಇರಬಹುದೆಂದು ಮಾವನಿಗೆ ಅನುಮಾನ.

ಮಾವನಿಗೆ ಈ ಲೋಕದಲ್ಲಿ ಒಂದೇ ವೈರಿ, ಸ್ವಾತಂತ್ರ್ಯ ದಿನಾಚರಣೆ. ಅಂದು ಸನ್ನಡತೆಯ ಕೈದಿಗಳನ್ನು ಬಿಡುಗಡೆ ಮಾಡುತ್ತಾರೆ. ಸನ್ನಡತೆ ಇದ್ದವರೇ ಚೆನ್ನಾಗಿ ದುಡಿಯುವವರು, ಮತ್ತು ಅದೇ ಹೊತ್ತಿಗೇ ಉಳ್ಳಾಗಡ್ಡಿ ಹೊಲದಲ್ಲಿ ಕಸ ಎದ್ದು ನಿಂತಿರುತ್ತದೆ. ಹೋದ ವರ್ಷವಂತೂ ಗಟ್ಟಿ ಆಳುಗಳೆಲ್ಲ ಒಮ್ಮೆಲೇ ಹೋದವು. ಹಾರ ಹಾಕಿ, ಪೇಡೆ ಕೊಟ್ಟು ಕಳಿಸುವಾಗ ಮಾವ ಕಣ್ಣೀರು ಹಾಕಿದ. ಎಂಥ ಕರುಳು ಎಂದು ಜನ ಕೊಂಡಾಡಿದರು. ಕರುಳಲ್ಲ, ಉಳ್ಳಾಗಡ್ಡಿ. ಒಬ್ಬನಿಗಂತೂ ಕಸ ತೆಗೆಯುವ ತನಕ ಏನಾದರೂ ಸಣ್ಣ ದುರ್ನಡತೆ ಮಾಡಿಕೊಂಡು ಇರಲು ಬರುವುದಿಲ್ಲವೇ ಎಂದು ಕಿವಿಯಲ್ಲಿ ಕೇಳಿದನಂತೆ.

ಉಳಿದವರು ಬೆರಳೆಣಿಕೆಯ ಜನ, ಅದರಲ್ಲೂ ಇಬ್ಬರಿಗೆ ಕಸ ಯಾವುದು, ಬೆಳೆ ಯಾವುದು ತಿಳಿಯದು. ಮಾವ ಬದುವಿನ ಮೇಲೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ ಆಚೆ ಹೊಲದಿಂದ ಗುರುಸಿದ್ದವ್ವ ನೋಡಿದಳು. ಬೆಳ್ಳಟ್ಟಿಯ ಹೆಣ್ಣುಮಕ್ಕಳ ದೊಡ್ಡ ತಂಡವನ್ನೇ ಕಟ್ಟಿಕೊಂಡು ಹೊಲದ ಕೆಲಸ ನಡೆಸುವ ಗಟ್ಟಿಗಿತ್ತಿ ಆಕೆ. ಏನಾಯಿತೆಂದು ಕೇಳಿದಳು. ಆಗ ಮಾವನ ಬಾಯಿಂದ ಈ ಮಾತು ಹೊರಬಿತ್ತು:

"ಮುಯ್ಯಾಳು ಬರ್ರಿ ಗುರುಸಿದ್ದವ್ವಾರ. ಇವತ್ತು ನಮ್ಮ ಹೊಲ, ನಾಳಿ ನಿಮ್ಮ ಹೊಲ."

ಹೊಂಬಳದಲ್ಲಿ ಅವನಪ್ಪ ಆಡುತ್ತಿದ್ದ ಮಾತು ಅದು. ನೀವು ನಮ್ಮ ಹೊಲಕ್ಕೆ ಆಳು ಕೊಡಿ, ನಿಮಗೆ ಬೇಕಾದಾಗ ನಮ್ಮ ಆಳು ಬರುತ್ತವೆ. ನಡುವೆ ರೊಕ್ಕದ ಸುದ್ದಿಯೇ ಇಲ್ಲ. ಮೈಮೇಲೆ ಖಾಕಿ ಇರುವುದನ್ನು ಬಾಯಿ ಮರೆತುಬಿಟ್ಟಿತ್ತು. ಹೊರಗಿನವರು ಒಳಗೆ ಬರಬಾರದೆಂಬ ಕಾಯಿದೆಯನ್ನು ಯಾರೂ ಬರೆದಿರಲಿಲ್ಲ, ಜೈಲಿಗೆ ತಾವಾಗಿ ಯಾರು ಬರುತ್ತಾರೆ? ಗುರುಸಿದ್ದವ್ವನ ತಂಡ ಕಸ ತೆಗೆಯುವ ಕುರ್ಚಿಗಿ ಹಿಡಿದು ಹಾಡು ಹೇಳುತ್ತ ಬಂತು. ಉಳ್ಳಾಗಡ್ಡಿ ಹೊಲ ತಲೆ ಬಾಚಿಕೊಂಡ ಹುಡುಗಿಯಂತಾಯಿತು. ಮಾವ ಮೀಸೆ ತಿರುವಿಕೊಂಡ.

ಶೇಂಗಾ ಕೀಳುವ ಹೊತ್ತಿಗೆ ಮೀಸೆ ಇಳಿಯಿತು. ಗುರುಸಿದ್ದವ್ವ ಸುಣ್ಣದ ಕಲ್ಲಿನ ಹತ್ತಿರ ನಿಂತು, ನಾಳಿ ನಿಮ್ಮ ಆಳು ಕಳಸ್ರಿ ಎಂದಳು. ಮಾವನಿಗೆ ಆಗ ತಿಳಿಯಿತು ತಾನೇನು ಮಾಡಿಕೊಂಡಿದ್ದೇನೆಂದು. ಕೈದಿಗಳನ್ನು ಕಲ್ಲು ದಾಟಿಸಿದರೆ ನೌಕರಿ ಹೋಗುತ್ತದೆ. ದಾಟಿಸದಿದ್ದರೆ ಮುಯ್ಯಿ ಉಳಿಯುತ್ತದೆ. ನಮ್ಮ ಕಡೆ ಸಾಲ ಉಳಿಸಿಕೊಂಡವನಿಗೆ ಕುರ್ಚಿ ಹಾಕುತ್ತಾರೆ, ಮುಯ್ಯಿ ಉಳಿಸಿಕೊಂಡವನಿಗೆ ಚಾಪೆಯನ್ನೂ ಹಾಸುವುದಿಲ್ಲ.

ಮೊದಲು ಸುಳ್ಳು ಹೇಳಿದ: ಮೋಡ ಆಗಿದೆ, ನಾಡಿದ್ದು ನೋಡೋಣ. ಆಕಾಶದಲ್ಲಿ ಒಂದು ಹತ್ತಿಯ ಎಳೆಯೂ ಇರಲಿಲ್ಲ. ಆಮೇಲೆ ಕೂಲಿ ಕೊಡುತ್ತೇನೆಂದ. ನಾವೇನು ಕೂಲಿಗೆ ಬಂದಿದ್ದೆವೇ ಎಂದು ಆಕೆ ಬೈದಳು. ಕೊನೆಗೆ ರಜೆ ಹಾಕಿ ತಾನೇ ಶೇಂಗಾ ಕೀಳಲು ಹೋದ. ಮಧ್ಯಾಹ್ನಕ್ಕೆ ಸೊಂಟ ಹಿಡಿದು, ಬಗ್ಗಿದವನು ಏಳಲಾರದೆ ಹೋದ, ನಾನು ಅವನನ್ನು ಬಗ್ಗಿದ ಹಾಗೆಯೇ ಟ್ರ್ಯಾಕ್ಟರಿಗೆ ಏರಿಸಿ ತಂದೆ. ದಾರಿಯುದ್ದಕ್ಕೂ ಕಂಡವರಿಗೆಲ್ಲ ನಮಸ್ಕಾರ ಮಾಡಿದ ಹಾಗಿತ್ತು. ಇಡೀ ತಂಡದ ದುಡಿತಕ್ಕೆ ಒಬ್ಬ ಮುದುಕ ಅರ್ಧ ದಿನ ಬಗ್ಗಿದರೆ ತೀರಿತೇ ಎಂದು ಗುರುಸಿದ್ದವ್ವ ನಕ್ಕಳು.

ಊರ ಬಾಯಿ ಮುಚ್ಚುವವರು ಯಾರು. ಸಂಗದಿಂದ ಸನ್ಯಾಸಿ ಕೆಟ್ಟ, ಕಳ್ಳರ ಕೂಡ ಇದ್ದು ಅಂದಾನಪ್ಪ ಕೆಟ್ಟ ಎಂದರು. ನಲ್ಲಿಯ ಹತ್ತಿರ ನಮ್ಮಕ್ಕನಿಗೆ ನಿಮ್ಮವರಿಗೆ ಎಷ್ಟು ವರ್ಷದ ಶಿಕ್ಷೆ ಆಯಿತೆಂದು ಕೇಳಿದರಂತೆ. ಆಕೆ ಕೊಡ ಅಲ್ಲಿಯೇ ಬಿಟ್ಟು ಬಂದಳು. ಮಾವ ಉಣ್ಣುವುದನ್ನು ಬಿಟ್ಟ. ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟ. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅಂದೆ:

"ಮಂದಿ ಹೊಲಕ್ಕ ಹೋಗಾಕ ಬರೂದಿಲ್ಲಂದ್ರ, ಹೊಲಾನ ಮಂದಿ ಕಡೆ ತಂದು ಹಾಕ್ಲೇನು?"

ಚುಚ್ಚಿ ಆಡಿದ ಮಾತು ಅದು. ಮಾವ ಥಟ್ಟನೆ ಎದ್ದು ಕುಳಿತು, ಟ್ರ್ಯಾಕ್ಟರಿನಲ್ಲಿ ಡೀಸೆಲ್ ಐತೇನಲೇ ಎಂದ. ನನ್ನ ನಾಲಗೆ ಸುಡಲಿ.

ಗುರುಸಿದ್ದವ್ವ ಸ್ವಲ್ಪ ವಿಚಾರ ಮಾಡಿ ಒಪ್ಪಿದಳು. ಶೇಂಗಾ ಬಳ್ಳಿ ಅವರು ಕೀಳುವುದು, ನಾನು ಹೇರಿ ತಂದು ಸುಣ್ಣದ ಕಲ್ಲಿನ ಒಳಗೆ ಬೇವಿನ ನೆರಳಲ್ಲಿ ಸುರಿಯುವುದು, ಕೈದಿಗಳು ಬಳ್ಳಿಯಿಂದ ಕಾಯಿ ಬಿಡಿಸುವುದು. ದುಡಿತ ತನ್ನ ಶೇಂಗಾಕ್ಕೆ ಮುಟ್ಟಿದರೆ ಸಾಕು, ಎಲ್ಲಿ ಕೂತು ದುಡಿದರೇನು ಎಂದಳು. ಒಂದೇ ಷರತ್ತು, ತಾನೂ ಕೂಡುವವಳೇ. ಕೂತಳು ನೋಡಿ, ಜೈಲಿಗೆ ಆವತ್ತು ಮೊದಲ ಸಲ ಶಿಸ್ತು ಬಂತು. ಬಾಯಿಗೆ ಕಾಯಿ ಹಾಕಿಕೊಂಡವನ ಕೈಗೆ ಏಟು ಬಿತ್ತು. ಮರಕ್ಕೆ ಒರಗಿ ನಿಂತಿದ್ದ ವಾರ್ಡರನನ್ನೂ ಕೆಳಗೆ ಕೂರಿಸಿದಳು. ಹುಲಿಗೇಶ ಏಳುವಾಗಲೆಲ್ಲ ಅವನ ಜೇಬು ತಪಾಸಣೆ ಮಾಡಿದಳು. ಜೀವಮಾನದಲ್ಲಿ ತನ್ನ ಜೇಬಿಗೆ ಬೇರೆಯವರು ಕೈ ಹಾಕಿದ್ದು ಇದೇ ಮೊದಲೆಂದು ಅವನಿಗೆ ಬಹಳ ನೋವಾಯಿತು.

ಇನ್ನೊಂದು ದೊಡ್ಡ ರಾಶಿ ಉಳಿದಿತ್ತು, ಜೀಪು ಬಂತು. ಮೇಲಿನ ಸಾಹೇಬರು. ಮೈಸೂರು ಕಡೆಯವರು, ಹೊಸದಾಗಿ ಬಂದಿದ್ದರು, ತಪಾಸಣೆಗೆ ಯಾವಾಗ ಬರುತ್ತೇವೆಂದು ಹೇಳುವ ಪದ್ಧತಿ ಇರಲಿಲ್ಲ. ಇಳಿದವರೇ ನೋಡುತ್ತಾರೆ: ಒಬ್ಬ ಹೆಂಗಸು, ಟ್ರ್ಯಾಕ್ಟರು, ನೆಲದಲ್ಲಿ ಕುಳಿತ ವಾರ್ಡರು.

"ನಾವು ಹಾಕಿರೋದು ಈರುಳ್ಳಿ ಅಲ್ವೇನ್ರೀ ಅಂದಾನಪ್ಪ? ಈ ಕಡಲೇಕಾಯಿ ಯಾರದ್ದು?"

ಮಾವ ಎಲ್ಲವನ್ನೂ ಹೇಳಿದ. ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿತು. ಸಾಹೇಬರ ಮುಖ ಕೆಂಪಾಯಿತು. ಕೈದಿಗಳನ್ನು ಖಾಸಗಿಯವರ ಕೆಲಸಕ್ಕೆ ಹಚ್ಚುವುದೆಂದರೆ ಸಸ್ಪೆಂಡಿಗೆ ಅಷ್ಟೇ ಸಾಕು, ನಿವೃತ್ತಿಯ ಬಾಗಿಲಲ್ಲಿ ನಿಂತು ಇದೇನು ಹುಚ್ಚು, ಈಗಿಂದೀಗ ಎಲ್ಲವನ್ನೂ ಹೇರಿ ಹೊರಗೆ ಕಳಿಸಬೇಕು ಎಂದರು. ಕೈಗಳೆಲ್ಲ ನಿಂತವು. ನಾನು ಟ್ರ್ಯಾಕ್ಟರ್ ಚಾಲೂ ಮಾಡಲು ಹೊರಟೆ. ಮಾವ ನನ್ನ ತೋಳು ಹಿಡಿದ. ಸಾಹೇಬರ ಕಡೆ ತಿರುಗಿದ.

"ನೌಕರಿ ಇವತ್ತಿಲ್ಲ ನಾಳಿ ಮುಗೀತೈತ್ರಿ ಸಾಹೇಬ್ರ. ಮುಯ್ಯಿ ಉಳಿಸಿಕೊಂಡಾಂವ ಅನ್ನೂ ಹೆಸರು ಮುಗಿಯೂದಿಲ್ಲ."

ಸಾಹೇಬರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ರಾಶಿಯ ಹಿಂದಿನಿಂದ ತಿರಕಪ್ಪ ಎದ್ದ. ಮುಂಡರಗಿ ಕಡೆಯವನು, ಬಿತ್ತಲೆಂದು ನೆರೆಯವನ ಜೋಡೆತ್ತು ಕೇಳಿ ತಂದು, ಸಂತೆಯಲ್ಲಿ ಮಾರಿ ಸಿಕ್ಕಿಬಿದ್ದವನು. ಯಾವತ್ತೂ ಮಾತಾಡದ ಮನುಷ್ಯ.

"ಇನ್ನೊಬ್ಬರದ್ದು ತಿರುಗಿ ಕೊಡಲಿಲ್ಲಂತ ನನ್ನ ಒಳಗ ಹಾಕಿದ್ರಿ. ಈಗ ಕೊಡಾಕ ಕುಂತೀನಿ, ಬ್ಯಾಡ ಅಂತೀರಿ. ಯಾವುದಾರ ಒಂದು ಹೇಳ್ರಿ, ಸಾಹೇಬ್ರ."

ಸಾಹೇಬರು ಟೊಪ್ಪಿಗೆ ತೆಗೆದರು, ಹಾಕಿಕೊಂಡರು. ಬಗ್ಗಿ ಒಂದು ಕಾಯಿ ಎತ್ತಿ ಒಡೆದು ಬಾಯಿಗೆ ಹಾಕಿಕೊಂಡರು. ಗುರುಸಿದ್ದವ್ವನ ಕೈ ಏಟಿಗೆ ಎದ್ದದ್ದನ್ನು ನಾನು ನೋಡಿದೆ. ಪುಣ್ಯಕ್ಕೆ ಅರ್ಧಕ್ಕೇ ನಿಂತಿತು. ತಾವು ಈರುಳ್ಳಿ ನೋಡಲು ಬಂದದ್ದು, ಅದನ್ನು ಪೂರ್ತಿ ನೋಡಬೇಕು, ತಿರುಗಿ ಬರುವಾಗ ಇಲ್ಲಿ ಒಂದು ಬಳ್ಳಿಯೂ ಕಾಣಬಾರದು ಎಂದು ಹೇಳಿ ಸಾಹೇಬರು ಹೊಲಕ್ಕೆ ಇಳಿದರು. ಉಳ್ಳಾಗಡ್ಡಿಯ ಬಗ್ಗೆ ಅವರಿಗೆ ಏನೇನೂ ಗೊತ್ತಿರಲಿಲ್ಲ. ಆದರೂ ಒಂದೊಂದೇ ಮಡಿಯ ಮುಂದೆ ನಿಂತು, ತಲೆ ಆಡಿಸಿ, ಮುಂದೆ ಹೋದರು.

ನಾವೆಲ್ಲ ರಾಶಿಯ ಮೇಲೆ ಬಿದ್ದೆವು. ವಾರ್ಡರು, ಜೀಪಿನ ಡ್ರೈವರ್, ನಾನು, ಯಾರನ್ನೂ ಬಿಡಲಿಲ್ಲ ಗುರುಸಿದ್ದವ್ವ. ಸಾಹೇಬರು ಬರುವ ಹೊತ್ತಿಗೆ ಚೀಲಗಳೆಲ್ಲ ಟ್ರ್ಯಾಕ್ಟರಿನಲ್ಲಿದ್ದವು, ನೆಲ ಗುಡಿಸಿಯಾಗಿತ್ತು. ಗುರುಸಿದ್ದವ್ವ ಸೀರೆಗೆ ಹತ್ತಿದ ಮಣ್ಣು ಕೊಡವಿ, ಮಾವನ ಎದುರಿಗೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಸಮ ಆತ್ರಿ, ಅಂದಾನಪ್ಪಾರ. ನಿಮ್ಮ ಮುಯ್ಯಿ ಮುಟ್ಟಿತು."

ಮಾವ ಕಾಲು ಜೋಡಿಸಿ, ಎದೆ ಎತ್ತಿ, ಒಂದು ಸೆಲ್ಯೂಟ್ ಹೊಡೆದ. ಹಿಡಿದ ಸೊಂಟ ಆ ಹೊಡೆತಕ್ಕೆ ಲಟ್ಟೆಂದದ್ದು ನನಗೂ ಕೇಳಿಸಿತು. ಪಕ್ಕದಲ್ಲಿದ್ದ ಸಾಹೇಬರು ಅದು ತಮಗೇ ಎಂದುಕೊಂಡು ಕೈ ಎತ್ತಿದರು, ಅಲ್ಲವೆಂದು ತಿಳಿದು ಎತ್ತಿದ ಕೈಯಿಂದ ಕಿವಿ ಕೆರೆದುಕೊಂಡರು. ಮಾವ ಅತ್ತ ನೋಡಲೇ ಇಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ, ಗುರುಸಿದ್ದವ್ವ ಸುಣ್ಣದ ಕಲ್ಲು ದಾಟಿ ಬೆಳ್ಳಟ್ಟಿ ರಸ್ತೆ ಹಿಡಿಯುವ ತನಕ ಅವನು ಕೈ ಇಳಿಸಲಿಲ್ಲ.