ಐದು ವಿಷಯ, ಆರು ಕಾಲಂ

ಹಾಸನದ ಒಂದು ಕಾಲೇಜಿನಲ್ಲಿ ಬಿಎಸ್ಸಿ ಪ್ರವೇಶದ ಅರ್ಜಿ ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಮಗಳ ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟರು. ಹುಡುಗಿ ಓದಿದ್ದು ಸಿಬಿಎಸ್ಇ. ಐದು ವಿಷಯ, ಐನೂರಕ್ಕೆ ನಾನೂರೈವತ್ತು. ನಮ್ಮ ಕಂಪ್ಯೂಟರಿಗೋ ಪಿಯುಸಿಯ ಆರು ವಿಷಯ ಬಿಟ್ಟರೆ ಬೇರೆ ಲೋಕವೇ ಗೊತ್ತಿಲ್ಲ. ಆರನೆಯ ಕಾಲಂ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗದು.

“ಸೊನ್ನೆ ಹಾಕಿ ಸಾ, ತಗೊಳ್ತದೆ,” ಎಂದ ಗುಮಾಸ್ತ.

ತಗೊಂಡಿತು. ಆರರಿಂದ ಭಾಗಿಸಿ, ಶೇಕಡಾ ತೊಂಬತ್ತನ್ನು ಎಪ್ಪತ್ತೈದು ಮಾಡಿತು. ಎಂಬತ್ತೈದಕ್ಕಿಂತ ಕಡಿಮೆ ಇದ್ದವರಿಗೆ ಸೀಟಿಲ್ಲ.

“ಓದ್ದೇ ಇರೋ ಸಬ್ಜೆಕ್ಟಲ್ಲಿ ಫೇಲಾ ಸಾ?” ಎಂದರು ತಂದೆ. “ಅಂಗಾದ್ರೆ ಅದ್ಯಾವ್ದು ಅಂತನಾದ್ರೂ ಹೇಳಿ, ಟ್ಯೂಷನ್‌ಗೆ ಸೇರಿಸ್ತೀನಿ.”

“ಸುಮ್ನಿರಪ್ಪ,” ಎಂದ ಮಗಳ ಕಣ್ಣು ಆ ಎಪ್ಪತ್ತೈದರ ಮೇಲೆಯೇ ಇತ್ತು.

ಗುಮಾಸ್ತ ದನಿ ತಗ್ಗಿಸಿದ. “ಇಂಗ್ಲಿಷ್ ಮಾರ್ಕ್ಸನ್ನೇ ಎರಡು ಸಲ ಹಾಕ್ಬುಡಿ ಸಾ, ಯಾರು ನೋಡ್ತಾರೆ?”

“ನಾನು ನೋಡ್ತೀನಿ,” ಎಂದೆ.

ನಿಯಮದ ಪುಸ್ತಕ ತೆಗೆದೆ. ಓದಿದ ವಿಷಯಗಳ ಸರಾಸರಿ ಎಂದು ಸ್ಪಷ್ಟವಾಗಿಯೇ ಇತ್ತು. ಅದನ್ನು ಕಂಪ್ಯೂಟರಿಗೆ ಯಾರೂ ಓದಿ ಹೇಳಿರಲಿಲ್ಲ, ಅಷ್ಟೆ. ಮುದ್ರಿತ ಪಟ್ಟಿಯಲ್ಲಿ ಎಪ್ಪತ್ತೈದನ್ನು ಹೊಡೆದುಹಾಕಿ, ತೊಂಬತ್ತು ಎಂದು ಬರೆದು ಸಹಿ ಮಾಡಿದೆ. ಹುಡುಗಿಗೆ ಸೀಟು ಸಿಕ್ಕಿತು.

ನನಗೆ ನೋಟಿಸು ಸಿಕ್ಕಿತು: ಕಂಪ್ಯೂಟರಿನ ಲೆಕ್ಕವನ್ನು ಕೈಯಿಂದ ತಿದ್ದಿದ್ದೇಕೆ? ನಾನೂರೈವತ್ತನ್ನು ಐದರಿಂದ ಭಾಗಿಸುವ ಕ್ರಮವನ್ನು ಹಂತಹಂತವಾಗಿ ಬರೆದು ಉತ್ತರ ಕೊಟ್ಟೆ. ಅದನ್ನೀಗ ತಜ್ಞರ ಅಭಿಪ್ರಾಯಕ್ಕೆಂದು ಗಣಿತ ವಿಭಾಗಕ್ಕೆ ಕಳಿಸಿದ್ದಾರಂತೆ.