ಕಮಲಕ್ಕನ ಪ್ರಾಯ

ಪಕ್ಕದ ಮನೆಗೆ ಬಾಣಂತಿ ಬಂದಿದ್ದಾಳೆ. ಮೊನ್ನೆ ಬೆಳಿಗ್ಗೆ ಅವಳ ತಾಯಿ ಮೊಮ್ಮಗುವಿಗೆಂದು ರಾಗಿ ಸರಿ ಕಾಯಿಸುತ್ತಿದ್ದರು. ಹುರಿದ ರಾಗಿ, ಕರಗಿದ ಬೆಲ್ಲ, ಕೊನೆಗೆ ಒಂದು ಚಮಚ ತುಪ್ಪ. ಆ ವಾಸನೆ ನಮ್ಮ ಅಡುಗೆಮನೆಯ ಕಿಟಕಿಗೂ ಬಂತು. ನಾನು ಆಫೀಸಿಗೆ ಹೊರಟವಳು ಚಪ್ಪಲಿ ಮೆಟ್ಟಿದ ಹಾಗೇ ನಿಂತುಬಿಟ್ಟೆ. ನನ್ನ ಗಂಡ ಬಾಗಿಲಿಂದ ನೋಡಿ, ಮೂಡಿಗೆರೆಯ ಬಸ್ಸುಗಳು ಯಾರಿಗೂ ಕಾಯುವುದಿಲ್ಲ ಎಂದು ನೆನಪಿಸಿದರು. ಬಸ್ಸು ಹೋಯಿತು. ನನಗೆ ಕಮಲಕ್ಕ ನೆನಪಾಗಿದ್ದಳು.

ಕಮಲಕ್ಕನ ವಿಷಯಕ್ಕೆ ಬರುವ ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲದಿದ್ದರೆ ನೀವೂ ನನ್ನ ನೆಂಟರ ಹಾಗೆ, ‘ಏನೋ ರೆವಿನ್ಯೂದಲ್ಲಿ ಇದ್ದಾಳಂತೆ’ ಎಂದುಕೊಂಡು ಮುಂದೆ ಹೋಗುತ್ತೀರಿ. ಬಾಳೂರಿನ ಕಡೆ ನಾನು ಹನ್ನೊಂದು ವರ್ಷ ಗ್ರಾಮ ಲೆಕ್ಕಾಧಿಕಾರಿಯಾಗಿದ್ದೆ. ಹಳಬರು ‘ಹೆಂಗಸು ಶಾನುಭೋಗ್ರು’ ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟಿತ್ತು, ತಮಾಷೆ ಎಷ್ಟಿತ್ತು ಎಂದು ನಾನು ಅಳೆಯಲು ಹೋಗಲಿಲ್ಲ. ಪಹಣಿ, ಬೆಳೆ ಸಮೀಕ್ಷೆ, ಗುಡ್ಡ ಜರಿದರೆ ಮನೆ ಎಷ್ಟು ಬಿತ್ತು ಎಂಬ ವರದಿ, ಹೀಗೆ ಹತ್ತಾರು ಕೆಲಸ. ಆದರೆ ನನ್ನ ಮೇಜಿನ ಮೇಲೆ ಯಾವತ್ತೂ ಮುಗಿಯದೆ ಇದ್ದದ್ದು ವೇತನದ ಅರ್ಜಿಗಳು. ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ವೇತನ. ಪ್ರತಿ ಅರ್ಜಿಯ ಕೆಳಗೂ ನಾನು ಒಂದು ಪದ ಬರೆಯಬೇಕಿತ್ತು. ಅರ್ಹ, ಇಲ್ಲವೇ ಅನರ್ಹ. ನಡುವೆ ಒಂದು ‘ನ’ ಮಾತ್ರ ವ್ಯತ್ಯಾಸ. ಆ ಒಂದಕ್ಷರದ ಮೇಲೆ ಒಂದು ಮನೆಯ ಒಲೆ ನಿಂತಿರುತ್ತದೆ ಎಂಬುದು ಬಹಳ ವರ್ಷ ನನಗೆ ತಿಳಿದಿರಲಿಲ್ಲ. ತಿಳಿದಿದೆ ಎಂದುಕೊಂಡಿದ್ದೆ, ಅದು ಇನ್ನೂ ಕೆಟ್ಟದ್ದು.

ಕಮಲಕ್ಕನ ಅರ್ಜಿಗೆ ನಾನು ‘ನ’ ಸೇರಿಸಿಯೇ ಬರೆದಿದ್ದೆ. ಅದಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ. ವೃದ್ಧಾಪ್ಯ ವೇತನಕ್ಕೆ ಅರವತ್ತು ತುಂಬಿರಬೇಕು. ಅವಳ ಆಧಾರ್ ಕಾರ್ಡಿನ ಪ್ರಕಾರ ಐವತ್ತನಾಲ್ಕು. ‘ವಯೋಮಿತಿ ಪೂರೈಸಿರುವುದಿಲ್ಲ, ಅನರ್ಹ’ ಎಂದು ಷರಾ ಬರೆದು, ಸೀಲು ಒತ್ತಿ, ಮುಂದಿನ ಅರ್ಜಿ ತೆಗೆದುಕೊಂಡೆ. ಆ ದಿನ ನನ್ನ ಅಕ್ಷರ ಬಹಳ ದುಂಡಗೆ ಬಂದಿತ್ತು ಎಂಬುದೂ ನೆನಪಿದೆ.

ಮುಂದಿನ ವಾರ ಅವಳು ಬಂದಳು. ಎಲುಬು ಕಾಣುವ ಮೈ, ನೆಟ್ಟಗಿನ ಬೆನ್ನು, ಒಗೆದು ಒಗೆದು ಬಣ್ಣ ಮಾಸಿದ ಹಸಿರು ಸೀರೆ, ಕೈಯಲ್ಲಿ ಕೊಡೆ. ಎಸ್ಟೇಟಿನ ಆಳುಗಳ ಲೈನಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಾಳೆ ಎಂದು ಗೊತ್ತಾಯಿತು. ಕೂರು ಎಂದರೆ ಕೂರಲಿಲ್ಲ. ಕಾರ್ಡಿನಲ್ಲಿ ಪ್ರಾಯ ತಪ್ಪಾಗಿದೆ ಎಂದಳು. ಹಾಗಾದರೆ ಸರಿಯಾದದ್ದು ಎಷ್ಟು ಎಂದು ಕೇಳಿದೆ. ಅದು ತನಗೆ ಗೊತ್ತಿಲ್ಲ, ಆದರೆ ಕಾರ್ಡಿನದು ತಪ್ಪೆಂದು ಗೊತ್ತಿದೆ ಎಂದಳು. ನನಗೆ ನಗು ಬಂತು. ಕಾರ್ಡು ಮಾಡಿಸುವಾಗ ಏನು ಹೇಳಿದ್ದೆ ಎಂದು ಕೇಳಿದೆ.

‘ನಾನೇನೂ ಹೇಳ್ಲಿಲ್ಲ ಅಮ್ಮ. ಕಂಪ್ಯೂಟರಿನ ಹುಡುಗಿ ನನ್ನ ಮೋರೆ ನೋಡಿದ್ಲು, ತಲೆ ನೋಡಿದ್ಲು, ಬರ್ಕೊಂಡ್ಲು.’

ಅವಳ ಕೂದಲು ಆಗಲೂ ಮುಕ್ಕಾಲು ಪಾಲು ಕಪ್ಪಾಗಿತ್ತು. ನಲವತ್ತಕ್ಕೇ ಬಣ್ಣದ ಪೊಟ್ಟಣ ಹಿಡಿದ ನಾನು ಅದನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡಿದೆ. ಕಪ್ಪು ಕೂದಲು ಒಬ್ಬ ಹೆಂಗಸಿಗೆ ಇಷ್ಟು ನಷ್ಟ ಮಾಡಬಹುದು ಎಂದು ಯಾರಾದರೂ ಎಣಿಸುತ್ತಾರೆಯೇ?

ಕಾರ್ಡು ತಿದ್ದಿಸಲು ದಾಖಲೆ ಬೇಕು. ಶಾಲೆಗೆ ಹೋಗಿರಲಿಲ್ಲ. ಹುಟ್ಟಿದ್ದನ್ನು ಯಾರೂ ಬರೆಸಿರಲಿಲ್ಲ. ಗಂಡ ಇದ್ದಾನಾ ಎಂದೆ. ಮೂವತ್ತು ವರ್ಷದ ಹಿಂದೆ ಘಟ್ಟದ ಕೆಳಗೆ ಕೆಲಸಕ್ಕೆಂದು ಹೋದವನು ವಾಪಸು ಬಂದಿಲ್ಲ, ಸುದ್ದಿಯೂ ಇಲ್ಲ ಎಂದಳು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಿಯೇ ಬಿಡುತ್ತೇನೆ. ನನಗೆ ಪಾಪ ಅನಿಸಿತು, ಆ ಪಾಪದ ಹಿಂದೆಯೇ ಒಂದು ಸುಲಭದ ದಾರಿಯೂ ಕಾಣಿಸಿತು. ವಿಧವಾ ವೇತನಕ್ಕೆ ಅರವತ್ತು ಆಗಬೇಕಿಲ್ಲ. ಅವನು ತೀರಿಕೊಂಡ ಎಂದು ನೀನು ಹೇಳು, ನಾಲ್ಕು ಜನ ಸಾಕ್ಷಿ ಹೇಳಲಿ, ಮುಂದಿನದು ನಾನು ನೋಡುತ್ತೇನೆ ಎಂದು ದನಿ ತಗ್ಗಿಸಿ ಅಂದೆ.

ಕಮಲಕ್ಕ ಸಿಟ್ಟಾಗಲಿಲ್ಲ.

‘ಅವ ಹೋದದ್ದು ಕಂಡಿದೀನಿ. ಸತ್ತದ್ದು ಕಂಡಿಲ್ಲ. ಕಾಣದ್ದನ್ನ ಹೇಳಿ ಉಣ್ಲಾ ನಾನು?’

ಅಷ್ಟು ಹೇಳಿ ಕೊಡೆ ಬಿಚ್ಚಿಕೊಂಡು ಹೊರಟುಹೋದಳು. ನನ್ನ ಸೀಲು, ನನ್ನ ದುಂಡಕ್ಷರ, ನನ್ನ ದಯೆ ಎಲ್ಲ ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಒಬ್ಬರು ಬೈದರೆ ತಿರುಗಿ ಬೈದು ಹಗುರಾಗಬಹುದು. ಅವಳು ಬೈದಿರಲಿಲ್ಲ.

ಅದಾಗಿ ಹತ್ತು ದಿನಕ್ಕೆ ಬಾಳೂರಿನ ಮೇಲಿನ ಗುಡ್ಡದಲ್ಲಿ ಒಂದು ಮನೆಯ ಗೋಡೆ ಬಿದ್ದಿತ್ತು, ನೋಡಿ ವರದಿ ಕೊಡಬೇಕಿತ್ತು. ಆ ದಾರಿಗೆ ನನ್ನ ಸ್ಕೂಟರು ಹತ್ತುತ್ತಿರಲಿಲ್ಲ. ಒಮ್ಮೆ ಹತ್ತಿಸಲು ಹೋಗಿ ನಾನೂ ಸ್ಕೂಟರೂ ಕಾಫಿ ಗಿಡಗಳ ನಡುವೆ ಕೂತಿದ್ದನ್ನು ಊರೆಲ್ಲ ನೋಡಿತ್ತು. ಅಲ್ಲಿಂದಾಚೆಗೆ ರಫೀಕನ ಜೀಪೇ ಗತಿ. ರಫೀಕ್ ಬಾಳೂರಿನವನು, ಆಗ ಅವನಿಗೆ ನಲವತ್ತೆಂಟು, ಎಸ್ಟೇಟಿನ ಆಳುಗಳನ್ನು, ಸಾಮಾನನ್ನು, ನನ್ನಂಥವರನ್ನು ಗುಡ್ಡ ಹತ್ತಿಸುವವನು. ದಾರಿಯಲ್ಲಿ ಹೆಂಚು ಹಾರಿದ ಒಂದು ಉದ್ದನೆಯ ಕಟ್ಟಡ ಕಾಣಿಸಿತು. ಒಳಗೆ ಗೊಬ್ಬರದ ಚೀಲ. ರಫೀಕ್ ಜೀಪು ನಿಧಾನ ಮಾಡಿದ. ಅದು ತೊಟ್ಟಿಲ ಮನೆ ಎಂದ. ಹೆಂಗಸರು ಕಾಫಿ ಹಣ್ಣು ಕೊಯ್ಯಲು ಹೋಗುವಾಗ ಕೂಸುಗಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರಂತೆ. ತನ್ನ ತಾಯಿಯೂ ತನ್ನನ್ನು ಅಲ್ಲೇ ಬಿಡುತ್ತಿದ್ದಳಂತೆ.

‘ಕಮಲಕ್ಕ ಅಂತ ಇದಾರಲ್ಲ ಮೇಡಂ, ಅವ್ರೇ ನಮ್ಮನ್ನೆಲ್ಲ ತೂಗಿದ್ದು. ಸರಿ ಉಣ್ಸಿದ್ದು. ನಂಗೆ ಅಮ್ಮನ ಕೈಗಿಂತ ಅವ್ರ ಕೈ ನೆನಪು ಜಾಸ್ತಿ.’

ನಾನು ಜೀಪು ನಿಲ್ಲಿಸಲು ಹೇಳಿದೆ. ಲೆಕ್ಕದಲ್ಲಿ ನಾನು ಅಂಥ ಚುರುಕಿನವಳಲ್ಲ. ಆದರೂ ನಲವತ್ತೆಂಟನ್ನು ಐವತ್ತನಾಲ್ಕರಿಂದ ಕಳೆಯಲು ಬಂತು. ಆರು. ಕಾರ್ಡಿನ ಪ್ರಕಾರ, ರಫೀಕನನ್ನು ತೊಟ್ಟಿಲಿಗೆ ಹಾಕಿದಾಗ ಆಯಾ ಕಮಲಕ್ಕನಿಗೆ ಆರು ವರ್ಷ.

ಕಟ್ಟಡದ ಒಳಗೆ ಹೋಗಿ ನೋಡಿದೆ. ಮಾಡಿನ ತೊಲೆಗಳಲ್ಲಿ ತೊಟ್ಟಿಲು ಕಟ್ಟುತ್ತಿದ್ದ ಕಬ್ಬಿಣದ ಕೊಕ್ಕೆಗಳು ಇನ್ನೂ ಇದ್ದವು. ಹತ್ತೊಂಬತ್ತು. ಯಾಕೆ ಎಣಿಸಿದೆನೋ ತಿಳಿಯದು, ಏನನ್ನು ಕಂಡರೂ ಎಣಿಸುವುದು ನಮ್ಮ ಕಸುಬಿನ ರೋಗ. ರಫೀಕ್ ಗೋಡೆಯ ಮೂಲೆಯಲ್ಲಿ ಸರಿ ಬೇಯಿಸುತ್ತಿದ್ದ ಒಲೆಯ ಜಾಗ ತೋರಿಸಿದ.

ಸಂಜೆ ಕಮಲಕ್ಕನ ಕೋಣೆಗೆ ಹೋದೆ. ಅರ್ಜಿಯ ಮೇಲೆ ಬರೆಯುವ ಮೊದಲೇ ಹೋಗಬೇಕಾಗಿದ್ದ ಮನೆ. ಒಂದು ಚಾಪೆ, ಎರಡು ಪಾತ್ರೆ, ಗೋಡೆಯ ಮೇಲೆ ಎಲ್ಲರ ಮನೆಯ ಮಕ್ಕಳ ಫೋಟೋ. ತನ್ನದೇ ಒಂದು ಮಗು ಇತ್ತು, ಜ್ವರ ಬಂದು ತೀರಿಕೊಂಡಿತು, ಆ ವರ್ಷವೇ ಎಸ್ಟೇಟಿನ ದೊರೆಗಳು ತನ್ನನ್ನು ತೊಟ್ಟಿಲ ಮನೆಗೆ ಹಾಕಿದರು ಎಂದಳು. ಈಗ ಊಟಕ್ಕೆ ಏನು ಮಾಡುತ್ತೀ ಎಂದು ಕೇಳಿದೆ. ಸಾಕಿದ ಮಕ್ಕಳ ಮನೆಗಳಿವೆ, ದಿನಕ್ಕೊಬ್ಬರು ಕರೆಯುತ್ತಾರೆ, ಯಾರೂ ಮುಖ ಸಿಂಡರಿಸುವುದಿಲ್ಲ ಎಂದಳು. ಹಾಗಿದ್ದರೆ ವೇತನ ಯಾಕೆ ಎಂಬ ಪ್ರಶ್ನೆ ನನ್ನ ಬಾಯಲ್ಲಿತ್ತು. ಅವಳಿಗೆ ಅದು ಕೇಳಿಸಿತು ಅನಿಸುತ್ತದೆ.

‘ಅವು ನನ್ ಮನೆಗೆ ಬಂದ್ರೆ ನಾನು ಒಂದು ತುತ್ತು ಹಾಕ್ಬೇಕಲ್ಲಮ್ಮ. ಅದು ಬೇಕು ನಂಗೆ.’

ಅಲ್ಲಿಂದ ಒಂದು ತಿಂಗಳು ನಾನು ಮಾಡಿದ ಕೆಲಸ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಎಸ್ಟೇಟಿನ ಹಳೆಯ ಪುಸ್ತಕಗಳು ಗೆದ್ದಲಿಗೆ ಹೋಗಿದ್ದವು. ಆಗ ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ರಾಯರು ಬಣಕಲ್ಲಿನಲ್ಲಿ ಇದ್ದರು. ಹೋಗಿ ಕೇಳಿದೆ. ಕಮಲ ಕೆಲಸಕ್ಕೆ ಬಂದಾಗ ಮಗು ಕಳೆದುಕೊಂಡ ಹೆಂಗಸು, ಹುಡುಗಿಯಲ್ಲ ಎಂದು ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರು. ರಫೀಕ್ ಮನೆ ಮನೆಗೆ ಸುದ್ದಿ ಮುಟ್ಟಿಸಿದ. ಒಂದು ಭಾನುವಾರ ಶಾಲೆಯ ಜಗಲಿಯಲ್ಲಿ ಮಹಜರು ಇಟ್ಟುಕೊಂಡೆ. ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆ. ಮೂವತ್ತೊಂದು ಜನ ಬಂದರು. ಬಾಳೂರಿನವರು, ಬಣಕಲ್ಲಿಗೆ ಮದುವೆಯಾಗಿ ಹೋದವರು, ಮಲ್ಲಂದೂರಿನ ತೋಟದಲ್ಲಿ ಮೇಸ್ತ್ರಿಯಾಗಿದ್ದ ಒಬ್ಬ. ಎಲ್ಲರ ಕೈಯಲ್ಲೂ ಅವರವರ ಶಾಲೆಯ ಟಿ.ಸಿ. ಅಥವಾ ಅಂಕಪಟ್ಟಿ. ತಾವು ಹುಟ್ಟಿದ ತಾರೀಕನ್ನು ತಮ್ಮನ್ನು ತೂಗಿದವಳಿಗೆ ಸಾಕ್ಷಿಯಾಗಿ ತಂದಿದ್ದರು. ಒಬ್ಬೊಬ್ಬರೂ ಹೆಸರು, ಜನ್ಮದಿನ, ‘ಈಕೆ ನನ್ನನ್ನು ಸಾಕಿದ್ದಾಳೆ’ ಎಂಬ ಹೇಳಿಕೆ, ಸಹಿ. ನನ್ನ ಕೈ ಸೋತು ನಾಲ್ಕು ಸಲ ಪೆನ್ನು ಇಳಿಸಿದೆ. ಕಮಲಕ್ಕ ಕಂಬಕ್ಕೆ ಒರಗಿ ಕೂತು, ಬಂದವರಿಗೆಲ್ಲ ತಿಂಡಿ ಆಯಿತೇ ಎಂದು ಕೇಳುತ್ತಿದ್ದಳು.

ಎಲ್ಲರಿಗಿಂತ ಹಿರಿಯಳು ಸರೋಜ, ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅವಳಿಗೆ ಐವತ್ತೆರಡು.

ಕಡತವನ್ನು ತಹಶೀಲ್ದಾರರ ಮುಂದೆ ಇಟ್ಟೆ. ಅವರು ಖಡಕ್ ಮನುಷ್ಯ, ಕಾಗದ ಇಲ್ಲದ ಮಾತಿಗೆ ಕಿವಿಗೊಡುವವರಲ್ಲ. ಪುಟ ತಿರುವಿದರು, ಇದು ಅರ್ಜಿಯೋ ಮದುವೆಗೆ ಕರೆಯುವವರ ಪಟ್ಟಿಯೋ ಎಂದು ಕೇಳಿದರು. ಒಮ್ಮೆ ಅನರ್ಹ ಎಂದು ಬರೆದವಳು ನೀನೇ, ಈಗ ಅರ್ಹ ಎನ್ನುವವಳೂ ನೀನೇ, ನಾಳೆ ಆಡಿಟಿನವರು ಕೇಳಿದರೆ ಏನು ಹೇಳುತ್ತೀ ಎಂದರು. ನನ್ನ ನೌಕರಿಗೇ ಕುತ್ತು ಬರಬಹುದಾದ ಪ್ರಶ್ನೆ ಅದು. ಮೊದಲು ಬರೆದದ್ದು ನನ್ನ ತಪ್ಪು, ಮನೆಗೆ ಹೋಗದೆ ಬರೆದೆ, ಅದನ್ನೂ ಕಡತದಲ್ಲೇ ಒಪ್ಪಿಕೊಂಡಿದ್ದೇನೆ ಎಂದೆ. ಆಮೇಲೆ ಸರೋಜಳ ಟಿ.ಸಿ. ತೆಗೆದು ಅವರ ಮುಂದಿಟ್ಟೆ.

‘ಸರ್, ಕಾರ್ಡು ನಿಜ ಆದ್ರೆ, ಈ ಸರೋಜನ್ನ ತೊಟ್ಟಿಲಲ್ಲಿ ತೂಗುವಾಗ ಕಮಲಕ್ಕನಿಗೆ ಎರಡು ವರ್ಷ.’

ಅವರು ಟಿ.ಸಿ. ನೋಡಿದರು, ಕಾರ್ಡಿನ ಪ್ರತಿ ನೋಡಿದರು, ಬೆರಳು ಮಡಿಸಿದರು. ನಗಲಿಲ್ಲ. ಕನ್ನಡಕ ತೆಗೆದು, ಆಕೆಯನ್ನು ಪ್ರಾಯದ ಅಂದಾಜಿಗೆ ಡಾಕ್ಟರರ ಹತ್ತಿರ ಕಳಿಸು, ಅವರ ಪತ್ರ ಬಂದ ದಿನ ನಾನು ಸಹಿ ಮಾಡುತ್ತೇನೆ ಎಂದರು. ನಾನು ಬಾಗಿಲ ತನಕ ಹೋದಾಗ ಹಿಂದಿನಿಂದ ಕರೆದು, ತನಗೂ ಇಂಥ ಒಬ್ಬ ಅಕ್ಕ ಇದ್ದಳು, ಅವಳ ಪ್ರಾಯವನ್ನು ತಾನು ಯಾವತ್ತೂ ಕೇಳಲಿಲ್ಲ ಎಂದರು. ಅಷ್ಟೇ.

ಡಾಕ್ಟರು ಎಪ್ಪತ್ತೆರಡು ಎಂದು ಅಂದಾಜು ಬರೆದರು. ತಹಶೀಲ್ದಾರರು ಸಹಿ ಮಾಡಿದರು. ಕಾರ್ಡು ತಿದ್ದಲಾಯಿತು. ಅರ್ಜಿಯ ಮೇಲೆ ನಾನು ‘ಅರ್ಹ’ ಎಂದು ಬರೆದೆ. ಮಂಜೂರಾತಿ ಪತ್ರವನ್ನು ಕೋಣೆಗೇ ತಂದುಕೊಡುತ್ತೇನೆ ಎಂದರೂ ಕೇಳದೆ ಕಮಲಕ್ಕ ಬಸ್ಸು ಹತ್ತಿ ಆಫೀಸಿಗೆ ಬಂದಳು. ಈ ಸಲ ಕೂತಳು. ಓದು ಎಂದಳು. ಓದಿದೆ. ಹಣದ ಸಾಲು ಬಂದಾಗ ಸುಮ್ಮನಿದ್ದಳು. ಪ್ರಾಯದ ಸಾಲನ್ನು ಮಾತ್ರ ಎರಡು ಸಲ ಓದಿಸಿದಳು. ಎಪ್ಪತ್ತೆರಡು ಎಂದಾಗ ನಿಧಾನವಾಗಿ ತಲೆಯಾಡಿಸಿದಳು, ದೂರದಲ್ಲಿ ಹೋಗುತ್ತಿರುವ ಯಾರನ್ನೋ ಗುರುತು ಹಿಡಿದವಳ ಹಾಗೆ.

ಆಮೇಲೆ ನನಗೆ ಬಡ್ತಿ ಸಿಕ್ಕಿತು, ಮೂಡಿಗೆರೆಯ ಆಫೀಸಿಗೆ ಬಂದೆ. ಈಗ ಹೊಸಬರು ಬರೆದ ವರದಿಗಳನ್ನು ನೋಡುವುದು ನನ್ನ ಕೆಲಸ. ನೆಂಟರ ಮದುವೆಗಳಲ್ಲಿ ಏನು ಕೆಲಸ ಎಂದು ಕೇಳಿದರೆ ‘ಆಫೀಸು’ ಎಂದು ಮೆಲ್ಲಗೆ ಅಂದು ಪಲ್ಯದ ಕಡೆ ತಿರುಗುತ್ತಿದ್ದ ನಾನು, ಈಗ ಎಲೆಯ ಮುಂದೆ ಕೂತು ಪೂರ್ತಿ ಹೇಳುತ್ತೇನೆ. ಕೇಳಿದವರು ಪಾಯಸ ಬರುವ ತನಕ ತಪ್ಪಿಸಿಕೊಳ್ಳಲಾರರು.

ಮೊನ್ನೆ ಬಸ್ಸು ಹೋಯಿತು ಎಂದೆನಲ್ಲ, ಆ ದಿನ ತಡವಾಗಿ ಆಫೀಸಿಗೆ ಹೋದರೂ ಮೇಜಿನ ಕೆಲಸಕ್ಕೆ ಮನಸ್ಸೇ ಬರಲಿಲ್ಲ. ಬಾಳೂರಿನ ನನ್ನ ಹಳೆಯ ಹುದ್ದೆಗೆ ಹೊಸದಾಗಿ ಬಂದಿರುವ ಶ್ವೇತಾ ಎಂಬ ಹುಡುಗಿ ಬಂದಿದ್ದಳು. ಚುರುಕು, ಮಾತು ಕಡಿಮೆ, ಎಲ್ಲವನ್ನೂ ಮೊಬೈಲಿನಲ್ಲೇ ಮುಗಿಸುವವಳು. ಬಾ, ಒಬ್ಬರನ್ನು ಪರಿಚಯ ಮಾಡಿಸುತ್ತೇನೆ ಎಂದು ಅವಳನ್ನು ಕರೆದುಕೊಂಡು ಹೊರಟೆ. ರಫೀಕ್ ಜೀಪು ತಂದ. ಅವನ ಗಡ್ಡ ಈಗ ಪೂರ್ತಿ ಬೆಳ್ಳಗಾಗಿದೆ.

ಕಮಲಕ್ಕನ ಬೆನ್ನು ಸ್ವಲ್ಪ ಬಾಗಿದೆ, ಕಿವಿ ಮಂದ. ಆದರೆ ನಾವು ಕೂರುವ ಮೊದಲೇ ಅನ್ನಕ್ಕೆ ಇಟ್ಟಿದ್ದಳು. ಬೇಡ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಅನ್ನ, ಬಿದಿರಿನ ಕಳಲೆ ಪಲ್ಯ, ಮಜ್ಜಿಗೆ. ರಫೀಕನ ಎಲೆಗೆ ಕೇಳದೆಯೇ ಎರಡನೇ ಸಲ ಬಡಿಸಿದಳು. ಪಕ್ಕದ ಕೋಣೆಯವರು ಬಾಗಿಲಲ್ಲಿ ಇಣುಕಿದರು. ಯಾರು ಬಂದಿರುವುದು ಎಂದು ಕೇಳಿದರು.

‘ಇವ್ರು ನನ್ನ ಪ್ರಾಯ ಹುಡುಕಿ ಕೊಟ್ಟೋರು’ ಎಂದಳು ಕಮಲಕ್ಕ.

ಇಪ್ಪತ್ತೈದು ವರ್ಷದ ನೌಕರಿಯಲ್ಲಿ ನನ್ನ ಹುದ್ದೆಯ ಹೆಸರನ್ನು ಸರ್ಕಾರ ಮೂರು ಸಲ ಬದಲಾಯಿಸಿದೆ. ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ವಾಪಸು ಬರುವಾಗ ಇಳಿಜಾರು ಮುಗಿಯುವ ಹೊತ್ತಿಗೆ ಶ್ವೇತಾ ಚೀಲದಿಂದ ಮೂರು ಅರ್ಜಿ ತೆಗೆದಳು. ಬೆಳಿಗ್ಗೆ ನನ್ನ ಸಹಿಗೆಂದು ತಂದಿದ್ದವು. ಮೂರರ ಮೇಲೂ ಅವಳು ಪೆನ್ಸಿಲಿನಲ್ಲಿ ಬರೆದಿದ್ದ ‘ನ’ ಸೇರಿದ ಪದ ನನಗೆ ಕಾಣಿಸಿತು. ಅವುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ವಿಳಾಸಗಳನ್ನು ನೋಡಿದಳು.

‘ಮೇಡಂ, ಈ ಮೂರೂ ಮನೆ ಇಲ್ಲೇ ಮೇಲ್ಗಡೆ ಇದಾವಂತೆ. ನಾನಿನ್ನೂ ಹೋಗಿಲ್ಲ.’

ನನ್ನ ಮಂಡಿ ನೋಯುತ್ತಿತ್ತು, ಮೋಡ ಕಟ್ಟಿತ್ತು. ನಾನು ಏನಾದರೂ ಹೇಳುವ ಮೊದಲೇ ರಫೀಕ್ ಜೀಪು ತಿರುಗಿಸಿದ್ದ.